ಭೀಮನಿಟ್ಟ ಹೆಸರು

ರುದ್ರಮಾವನ ಕೈಗೆ ಕಾಫಿ ಲೋಟ ಕೊಟ್ಟರೆ ಆ ಕಾಫಿ ಕೆಟ್ಟಂತೆಯೇ. ‘ಕಾಫಿ’ ಎಂಬ ಪದವನ್ನು ಅರಬರ ನಾಡಿನಿಂದ ಹೊರಡಿಸಿ, ಹಡಗು ಹತ್ತಿಸಿ, ಇಂಗ್ಲಿಷಿನವರ ಬಾಯಲ್ಲಿ ತಿರುಗಿಸಿ, ಮಧುಗಿರಿಗೆ ತಂದು ಮುಟ್ಟಿಸುವ ಹೊತ್ತಿಗೆ ಲೋಟ ತಣ್ಣಗಾಗಿರುತ್ತಿತ್ತು. ಆಮೇಲೆ, “ಇದೇನೇ, ಇಂಗೆ ಆರೋಗಿದೆ?” ಎಂದು ಅತ್ತೆಯ ಮೇಲೆಯೇ ದೂರು.

ತಂದೆ ತಾಯಿ ಇಲ್ಲದ ನನ್ನನ್ನು ಸಾಕಿದ ಸೋದರಮಾವ ಅವರು. ಆಗ ಮಹಾರಾಜರ ಕಾಲ. ಮಾವನಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಕಡತಕ್ಕಿಂತ ಅದರೊಳಗಿನ ಪದಗಳ ಮೇಲೆ ಅವರಿಗೆ ಜೀವ. ಹೊಸ ಮಾತು ಕಿವಿಗೆ ಬಿದ್ದರೆ ಮರೆಯದಿರಲೆಂದು ಅಂಗವಸ್ತ್ರದ ತುದಿಗೆ ಒಂದು ಗಂಟು ಹಾಕಿಕೊಳ್ಳುವರು. ಒಮ್ಮೆಯಂತೂ ಜ್ವರದಲ್ಲೇ ಶಿರಾಕ್ಕೆ ಹೋಗಿ, ಮಸೀದಿ ಹತ್ತಿರ ಅತ್ತರು ಮಾರುವ ಸಾಹೇಬರೊಬ್ಬರ ಬಳಿ ಒಂದು ಪದದ ಮೂಲ ಕೇಳಿಕೊಂಡು ಬಂದರು.

“ಗುಮಾಸ್ತ ಅನ್ನೋದು ಪಾರಸಿ ಕಣೇ. ನೇಮಿಸಲ್ಪಟ್ಟವನು ಅಂತ ಅರ್ಥ.”

ಅತ್ತೆ ಕೈಚೀಲ ಮುಂದೆ ಹಿಡಿದರು. “ಅಂಗಾದ್ರೆ ನಾನೂ ನೇಮಿಸಿವ್ನಿ. ಓಗಿ ಬೆಲ್ಲ ತಂದ್ಬುಡಿ.”

ಇದೆಲ್ಲ ನಗುವ ಮಾತು. ಆದರೆ ನನ್ನ ಮದುವೆಗೆ ಈ ಹುಚ್ಚೇ ಅಡ್ಡ ಬಂತು. ಕೊರಟಗೆರೆಯಿಂದ ಮೊದಲ ಗಂಡಿನವರು ಬಂದಾಗ ಅವರ ಹಿರಿಯರು, ತಮ್ಮ ಮನೆಗೆ ಪರದೇಶದ ಗಾಳಿಯೇ ಸೋಕಿಲ್ಲವೆಂದು ಕೊಚ್ಚಿಕೊಂಡರು. ಮಾವ ಸುಮ್ಮನಿರಬೇಕಲ್ಲ. “ತಮ್ಮ ತಲೆ ಮೇಲಿರೋ ರುಮಾಲು ಪಾರಸಿ, ಕುಂತಿರೋ ಜಮಖಾನ ಪಾರಸಿ, ಐದೆಕರೆ ಅಂದ್ರಲ್ಲ, ಆ ಜಮೀನೂ ಪಾರಸೀನೆಯಾ,” ಎಂದರು. ಬಂದವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಎರಡನೆಯ ಸಂಬಂಧ, ಮಾವ ಗಂಡಿನ ಹೆಸರಿನ ಮೂಲ ಹುಡುಕಲು ಹೋದದ್ದರಿಂದ ಮುರಿಯಿತು. ಊರವರು ಹೆಣ್ಣಿಗೇ ದೋಷವಿದೆ ಎಂದರು. ನನಗೆ ಇಪ್ಪತ್ತು ತುಂಬಿತ್ತು. ಮಾವನ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು.

ಮೂರನೆಯವರು ಪಾವಗಡದ ಕಡೆಯವರು, ನಾಗಲಮಡಿಕೆಯ ಹತ್ತಿರದ ಹಳ್ಳಿ. ಅವತ್ತು ಅತ್ತೆ ಬೆಳಿಗ್ಗೆಯೇ ತಟ್ಟೆ ತುಂಬ ಎಲೆ ಅಡಿಕೆ ಮಡಿಸಿಟ್ಟರು. “ಬಾಯ್ತುಂಬ ಇದ್ನ ಇಟ್ಕಂಡು ಕುಂತ್ಕಳಿ. ಇವತ್ತೂ ಬಾಯಿ ಬುಟ್ರೆ ಈ ಹೆಣ್ಮಗ ಮೂಲೆ ಸೇರ್ತದೆ.”

ಗಂಡಿನ ತಂದೆಗೆ ಮಾತೆಂದರೆ ಹಬ್ಬ. “ಮಾ ಊರಿ ಪೇರು ಭೀಮುಡು ಪೆಟ್ಟಿಂದಿ,” ಎಂದು ತೆಲುಗಿನಲ್ಲೇ ಶುರುಮಾಡಿದರು. ವನವಾಸದಲ್ಲಿ ಸಾಕ್ಷಾತ್ ಭೀಮಸೇನನೇ ಬಂದು ಅವರ ಊರಿಗೆ ಹೆಸರಿಟ್ಟನಂತೆ. “ಅಚ್ಚ ಸಂಸ್ಕೃತ ಸ್ವಾಮೀ. ತಾವು ತಿಳಿದೋರು, ಏನಂತೀರಾ?”

ರುದ್ರಮಾವನ ಕಿವಿ ಕೆಂಪಾದವು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ, ಇದೂ ಹೋಯಿತು ಅನ್ನಿಸಿತು. ಅತ್ತೆ ಇನ್ನೊಂದು ಎಲೆ ಅಡಿಕೆಯ ಸುರುಳಿ ಮುಂದಿಟ್ಟರು. ಮಾವ ಒಮ್ಮೆ ನನ್ನ ಕಡೆ ನೋಡಿದರು. ಸುರುಳಿಯನ್ನು ಬಾಯಿಗೆ ತುರುಕಿಕೊಂಡು, ಹೌದೆಂದು ತಲೆ ಆಡಿಸಿದರು. ಆ ಸಂಜೆಯೇ ಸಂಬಂಧ ಕುದುರಿತು. ಅವರು ಹೋದಮೇಲೆ ನೋಡಿದರೆ ಮಾವನ ಅಂಗವಸ್ತ್ರದ ತುಂಬ ಗಂಟು. ಬಿಚ್ಚುವಷ್ಟರಲ್ಲಿ ಅತ್ತೆಗೆ ಸಾಕುಸಾಕಾಯಿತು.

ಮದುವೆಯಾದ ಮೇಲೆ ಮಾವ ವರ್ಷಕ್ಕೊಮ್ಮೆ ನನ್ನನ್ನು ನೋಡಲು ಬರುತ್ತಿದ್ದರು. ನನ್ನ ಗಂಡನ ತಂದೆ ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಹೋಗಿ ಬರುವವರಿಗೆಲ್ಲ ಭೀಮನ ಕತೆ ಹೇಳುವರು. “ಬೇಕಾದ್ರೆ ಈ ಪಂಡಿತರನ್ನ ಕೇಳಿ,” ಎನ್ನುವರು. ಮಾವ “ಹೌದೌದು” ಎನ್ನುವರು. ಒಂದು ತಪ್ಪು ಪದ ಕೇಳಿದರೆ ಊಟ ಸೇರದ ಮನುಷ್ಯ, ಹನ್ನೊಂದು ವರ್ಷ ಹೌದೌದು ಎಂದರು.

ಕೊನೆಯ ಸಲ ಬಂದಾಗ ತುಂಬ ಸೊರಗಿದ್ದರು. ಗಾಡಿ ಹತ್ತಿಸುವಾಗ ಹತ್ತಿರ ಯಾರೂ ಇರಲಿಲ್ಲ. “ಮಾವ, ಈ ಊರ ಹೆಸರು ನಿಜಕ್ಕೂ ಎಲ್ಲಿಂದ ಬಂತು? ನನಗಾದರೂ ಹೇಳಿ,” ಎಂದೆ.

“ಭೀಮ ಇಟ್ಟಿದ್ದು ಕಣಮ್ಮ,” ಎಂದರು. ಗಾಡಿಯಲ್ಲಿ ಕೂತು, “ನೀನು ಬಾಳೋ ಊರಲ್ವಾ ಇದು,” ಎಂದರು.

ಮರುತಿಂಗಳು ಅವರು ತೀರಿಕೊಂಡರು. ನಿಜ ಏನೆಂದು ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ.