ಹೂಜಿಯ ಬಾಯಿಗೆ ಹತ್ತಿ

ಹೂಜಿ ಗಿಡಕ್ಕೆ ನೀರು ಹಾಕಲು ಬಾಲ್ಕನಿಗೆ ಹೋದವಳು ಹಾಗೇ ನಿಂತುಬಿಟ್ಟೆ. ಎಲೆಯ ತುದಿಯಲ್ಲಿ ತೂಗುವ ಪುಟ್ಟ ಹೂಜಿಗಳ ಬಾಯಿಗೆಲ್ಲ ಯಾರೋ ದೀಪದ ಬತ್ತಿಯ ಹತ್ತಿ ತುರುಕಿದ್ದರು. ನೊಣ, ಇರುವೆಗಳು ಒಳಕ್ಕೆ ಜಾರಿ ಬೀಳುವುದು ಆ ಬಾಯಿಂದಲೇ. ಗಿಡದ ಊಟವೇ ಅದು.

ಯಾರೋ ಏನು, ಮನೆಯಲ್ಲಿದ್ದದ್ದು ನಾನು ಮತ್ತು ಅತ್ತೆ ಇಬ್ಬರೇ. ಗಿಡ ತಂದ ದಿನ, "ಜೀವ ತಿನ್ನೋದು ಮನೆಗ್ಯಾಕಮ್ಮ?" ಎಂದಿದ್ದರು. ಭಾನುವಾರ ರಸೆಲ್ ಮಾರುಕಟ್ಟೆಯ ಮಟನ್ ಇಲ್ಲದೆ ಊಟ ಇಳಿಯದ ಮನೆಯಲ್ಲಿ ಈ ಮಾತು! ನಲ್ಲಿ ನೀರು ಒಗ್ಗದ ಗಿಡವೆಂದು ನಾನು ಮಳೆನೀರು ಹಿಡಿದಿಟ್ಟು ಸಾಕಿದ್ದೆ. ಹೊಸ ಹೂಜಿಗಳು ಬಾಯಿ ತೆರೆದದ್ದೂ ಮೊನ್ನೆ ಮೊನ್ನೆ. ಸಿಟ್ಟು ನೆತ್ತಿಗೇರಿತು. ಒಂದು ಹೂಜಿಯ ಹತ್ತಿ ಕಿತ್ತುಕೊಂಡು ಅಡುಗೆಮನೆಗೆ ಹೋದೆ.

"ಏನತ್ತೆ ಇದು? ಗಿಡ ಸಾಯ್ಲಿ ಅಂತಾನಾ?"

ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು.

"ಅಯ್ಯೋ, ಇವತ್ತು ಸೋಮವಾರ ಅಲ್ವೇನಮ್ಮ? ನಮ್ಮನೇಲಿ ಯಾರೂ ಮಾಂಸ ಮುಟ್ಟಲ್ಲ. ಅದೂ ನಮ್ಮನೇದೇ ತಾನೆ? ನಾಳೆ ಬೆಳಿಗ್ಗೆ ನಾನೇ ತೆಗೀತೀನಿ, ತಿನ್ಲಿ ಬಿಡು."

ಕೈಯಲ್ಲಿದ್ದ ಹತ್ತಿಯನ್ನು ಅದೇ ಹೂಜಿಗೆ ಮೆತ್ತಗೆ ಇಟ್ಟು ಬಂದೆ. ಮದುವೆಯಾಗಿ ಜೋಗುಪಾಳ್ಯದ ಈ ಮನೆಗೆ ಬಂದಾಗ ನನಗೂ ಸೋಮವಾರದ ನೇಮ ಗೊತ್ತಿರಲಿಲ್ಲ. ಯಾವತ್ತಿನಿಂದ ಪಾಲಿಸತೊಡಗಿದೆನೋ, ಈಗ ನೆನಪೇ ಇಲ್ಲ.