ತಗಡಣ್ಣನ ಹಕ್ಕಿ ಅರಮನೆ

ನಮ್ಮ ಓಣಿಯ ತಗಡಣ್ಣನ ಹೊಟ್ಟೆಕಿಚ್ಚಿನ ಮೇಲೆ ಬೆಸುಗೆ ಹಾಕುವ ಕಬ್ಬಿಣ ಕಾಯಿಸಬಹುದಿತ್ತು. ಇದ್ದಿಲಾದರೂ ಉಳಿಯುತ್ತಿತ್ತು. ಮೂವತ್ತು ವರ್ಷಗಳಿಂದ ಮನೆಯ ಮುಂದಿನ ಕೋಣೆಯಲ್ಲೇ ಕೂತು ತಗಡು ಬಡಿಯುವ ಮನುಷ್ಯ. ಲಾಳಿಕೆ, ಡಬ್ಬ, ಮುಚ್ಚಳ, ಜರಡಿ ಎಲ್ಲ ಮಾಡುತ್ತಾನೆ. ಅವನ ಡಬ್ಬದಲ್ಲಿ ಬರೀ ಗಾಳಿ ತುಂಬಿ ಮುಚ್ಚಿಟ್ಟರೂ ಮೊಮ್ಮಕ್ಕಳ ಕಾಲಕ್ಕೆ ಅದೇ ಗಾಳಿ ಸಿಗುತ್ತದೆ ಎನ್ನುತ್ತಾರೆ, ನಾನಂತೂ ನಂಬಿದ್ದೇನೆ. ಇಂಥವನು ಹೊಟ್ಟೆ ಉರಿಸಿಕೊಂಡದ್ದು ಇನ್ನೊಬ್ಬ ತಗಡಿನವನನ್ನು ಕಂಡಲ್ಲ, ಎದುರು ಮನೆಯ ಷಡ್ಡಕನನ್ನು ಕಂಡು.

ಈ ಷಡ್ಡಕ, ಎಂದರೆ ತಗಡಣ್ಣನ ಹೆಂಡತಿಯ ಅಕ್ಕನ ಗಂಡ, ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತನಾದವನು. ಜೀವಮಾನವಿಡೀ ಮದ್ದು ಅಳೆದ ಕೈ ಸುಮ್ಮನಿರಲಾರದೆ ಈಗ ಹಕ್ಕಿಗಳಿಗೆ ಡೋಸು ಹಾಕುತ್ತಿತ್ತು. ಅಂಗಳದ ನಡುವೆ ಒಂದು ಕಂಬ, ಅದರ ಮೇಲೊಂದು ತಟ್ಟೆ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಒಂದು ಲೋಟ ಕಾಳು. ಎಂಟಕ್ಕೆ ಗುಬ್ಬಿಗಳ ಪಂಕ್ತಿ ಎದ್ದರೆ ತಟ್ಟೆ ಒಳಗೆ, ನೆಲಕ್ಕೆ ಪೊರಕೆ. ಇಲಿಯೇನಾದರೂ ಬಂದರೆ ಕಣ್ಣೀರು ಹಾಕಿಕೊಂಡು ಹೋಗಬೇಕು, ಅಷ್ಟು ಚೊಕ್ಕಟ.

ಆ ಒಂದು ಗಂಟೆ ತಗಡಣ್ಣನ ಹೆಂಡತಿ ದಿನಾ ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು ಹಕ್ಕಿ ನೋಡುತ್ತಿದ್ದಳು. ಇವನಿಗೆ ತಡೆಯಲಾಗಲಿಲ್ಲ.

"ಅಲ್ಲೇನಿದೆ ಅಂಥದ್ದು?"

"ಹಕ್ಕಿ."

"ಹಕ್ಕಿ ಇಲ್ಲೂ ಹಾರತ್ತೆ."

"ಹಾರತ್ತೆ, ಕೂರಲ್ಲ. ಭಾವ ಕಾಳು ಹಾಕಿದ್ರೆ ಎಷ್ಟು ಚೆನ್ನಾಗಿ ಬಂದು ಕೂತ್ಕೊಳತ್ತೆ ಗೊತ್ತಾ? ಅಲ್ಲಿ ಕೂತ್ರೆ ಮನಸ್ಸಿಗೆ ಹಾಯಿ ರೀ."

ಹಾಯಿ! ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಈ ಮನೆಯಲ್ಲಿ ಒಂದು ಗಂಟೆ ಹಾಯಾಗಿ ಕೂತದ್ದನ್ನು ಅವನು ಕಂಡಿರಲಿಲ್ಲ. ಒಂದೇ ಒಂದು ಬೆಳಿಗ್ಗೆ ಅವಳು ತನ್ನ ಮನೆಯ ಕಿಟಕಿಯಲ್ಲಿ ಕೂತು ಗಂಡ ಹಾಕಿದ ಕಾಳು ತಿನ್ನುವ ಹಕ್ಕಿ ನೋಡಬೇಕು. ತಗಡಣ್ಣನಿಗೆ ಬೇಕಾದದ್ದು ಅಷ್ಟೇ. ಅದಕ್ಕಾಗಿ ಅವನು ಕಟ್ಟಿದ್ದು ಮಾತ್ರ ಮೂರು ಅಂತಸ್ತಿನ ತಗಡಿನ ಅರಮನೆ. ಹನ್ನೆರಡು ಬಾಗಿಲು, ಕಮಾನು, ನೆತ್ತಿಗೊಂದು ಗುಮ್ಮಟ. ಅಂಗಳದ ಗೋಡೆಗೆ ಒತ್ತಿಕೊಂಡು ಕಬ್ಬಿಣದ ಪೈಪು ನೆಟ್ಟು ಅದರ ಮೇಲೆ ಕೂರಿಸಿದ. ಅದರ ಹೊಳಪಿಗೆ ವಿಮಾನಗಳು ದಾರಿ ತಪ್ಪುತ್ತಿದ್ದವು. ಷಡ್ಡಕ ಒಂದು ಲೋಟ ಹಾಕಿದರೆ ಇವನು ಒಂದು ಬಕೆಟ್ ಸುರಿದ.

ಮೂರು ದಿನ ಒಂದು ಗುಬ್ಬಿಯೂ ಇತ್ತ ತಿರುಗಲಿಲ್ಲ. ನಾಲ್ಕನೆಯ ದಿನ ಪಾರಿವಾಳಗಳು ಬಂದವು, ತಗಡಿನ ಮೇಲೆ ಕುಣಿದವು, ಅರ್ಧ ತಿಂದು ಅರ್ಧ ಕೆಡವಿದವು. ಸುದ್ದಿ ಇಲಿಗಳಿಗೆ ಮುಟ್ಟಿತು. ಮೊದಲು ಎರಡು ಬಂದು ಜಾಗ ನೋಡಿಕೊಂಡು ಹೋದವು. ವಾರ ಕಳೆಯುವುದರೊಳಗೆ ಊರಿನ ಇಲಿಗಳೆಲ್ಲ ಹೆಂಡಿರು ಮಕ್ಕಳು ಗಂಟುಮೂಟೆ ಸಮೇತ ಬಂದಿಳಿದವು. ಒಂದು ಬೆಕ್ಕು ಗೋಡೆ ಹತ್ತಿ ನೋಡಿ, ದೊಡ್ಡ ನಮಸ್ಕಾರ ಹಾಕಿ, ಬಂದ ದಾರಿಯಲ್ಲೇ ಇಳಿದುಹೋಯಿತು. ಬೆಟ್ಟ ಅಗೆದವರಿಗೆ ಸಿಕ್ಕಿದ್ದು ಒಂದೇ ಇಲಿಯಂತೆ; ತಗಡಣ್ಣ ಅಗೆಯದೆಯೇ ಇನ್ನೂರು ಸಂಪಾದಿಸಿದ.

ಒಂದು ಬೆಳಿಗ್ಗೆ ಹೆಂಡತಿ ತನ್ನ ದಿಂಬನ್ನು ಅವನ ಮುಂದೆ ಹಿಡಿದಳು. ಒಂದು ಮೂಲೆ ಇರಲಿಲ್ಲ.

"ಇವತ್ತು ದಿಂಬು, ನಾಳೆ ನನ್ನ ಕಿವಿ. ಭಾನುವಾರದೊಳಗೆ ಇವು ಹೋಗಲಿಲ್ಲ ಅಂದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ."

"ಹೇಗಿದ್ರೂ ಬೆಳಿಗ್ಗೆ ಅಲ್ಲೇ ಇರ್ತೀಯಲ್ಲ!"

"ಈ ಸಲ ಮಲಗೋಕೇ ಹೋಗ್ತೀನಿ."

ಓಣಿಯಾಚೆಯಿಂದ ಕಾಂಪೌಂಡರ್ ಇದನ್ನೆಲ್ಲ ಕೇಳಿಸಿಕೊಂಡ. ಅವನ ಕಿವಿಯೂ ಅಳತೆಯ ಲೋಟದ ಹಾಗೆ, ಒಂದು ಹನಿ ಹೊರಗೆ ಚೆಲ್ಲುವುದಿಲ್ಲ.

"ತಮ್ಮಾ, ಆ ಪೈಪಿಗೊಂದು ದೊಡ್ಡ ಲಾಳಿಕೆ ಹಾಕು, ಇಲಿ ಹತ್ತಲ್ಲ. ಆದ್ರೆ ನೋಡು..."

"ಲಾಳಿಕೆ ವಿಷಯ ನೀವು ನನಗೆ ಹೇಳಿಕೊಡ್ತೀರಾ? ನಿಮ್ಮ ಆಸ್ಪತ್ರೇಲಿ ಸೀಸೆಗೆ ಮದ್ದು ಸುರೀತಿದ್ರಲ್ಲ, ಆ ಲಾಳಿಕೆ ಮಾಡಿದೋನೇ ನಾನು!" ಎಂದ ತಗಡಣ್ಣ, 'ಆದ್ರೆ'ಯ ಮುಂದಿನದನ್ನು ಕೇಳದೆ ಒಳಗೆ ಹೋಗಿ ಬಡಿಯತೊಡಗಿದ.

ಬಟ್ಟೆ ಒಗೆಯುವ ಟಬ್ಬಿನಷ್ಟು ಅಗಲದ ಲಾಳಿಕೆ ತಯಾರಾಯಿತು. ಅದನ್ನು ಪೈಪಿಗೆ ತೊಡಿಸಿದ, ಬಾಯಿ ಮೇಲಕ್ಕೆ. ಮೂವತ್ತು ವರ್ಷದಲ್ಲಿ ಅವನು ಮಾಡಿದ ಒಂದು ಲಾಳಿಕೆಯೂ ಕೆಳಕ್ಕೆ ಬಾಯಿ ಮಾಡಿ ನಿಂತಿರಲಿಲ್ಲ. ಎಣ್ಣೆ ಸುರಿಯುವವರು ಬೇರೆ ಹೇಗೆ ಹಿಡಿಯುತ್ತಾರೆ? ಪಾರಿವಾಳ ಕೆಡವಿದ ಕಾಳೆಲ್ಲ ಈಗ ನೇರ ಲಾಳಿಕೆಗೆ ಬಿತ್ತು. ಅಲ್ಲಿಯವರೆಗೆ ಧೂಳಿನಲ್ಲಿ ಹೆಕ್ಕುತ್ತಿದ್ದ ಇಲಿಗಳು ಗೋಡೆಯಿಂದ ಒಂದು ನೆಗೆತ ನೆಗೆದು ಬಟ್ಟಲಲ್ಲಿ ಊಟಕ್ಕೆ ಕೂತವು. ಒಂದು ದಪ್ಪ ಇಲಿ ಉಂಡು ಅಲ್ಲೇ ಮಲಗಿದ್ದನ್ನು ನಾನೇ ನೋಡಿದೆ. ಗೊರಕೆ ನಾಲ್ಕು ಮನೆಗೆ ಕೇಳಿಸುತ್ತಿತ್ತು.

ಭಾನುವಾರ ಹೆಂಡತಿ ಉಳಿದ ಮೂರು ಮೂಲೆಯ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಓಣಿ ದಾಟಿದಳು.

ತಗಡಣ್ಣ ಎರಡು ದಿನ ತಡೆದ. ಎದುರು ಮನೆಯಿಂದ ಅಕ್ಕ ತಂಗಿಯರ ನಗು ಬರುತ್ತಿತ್ತು, ನಡುನಡುವೆ ಕಾಂಪೌಂಡರನ ಕೆಮ್ಮು. ಆ ಕೆಮ್ಮು ಕೂಡ ತನ್ನನ್ನು ನೋಡಿ ನಕ್ಕಂತೆಯೇ ಇವನಿಗೆ ಕೇಳಿಸಿತು. ಮಂಗಳವಾರ ಎದ್ದು ಹೊರಟ. ಓಣಿಯ ಅಗಲ ಹನ್ನೆರಡು ಹೆಜ್ಜೆ. ಅವನು ಅದನ್ನು ದಾಟುವಷ್ಟರಲ್ಲಿ ಒಂದು ಜೊತೆ ಚಪ್ಪಲಿ ಸವೆಯಿತು.

"ಅವತ್ತು 'ಆದ್ರೆ' ಅಂದ್ರಲ್ಲ," ಎಂದ, ನೆಲ ನೋಡುತ್ತಾ. "ಆಮೇಲೆ ಏನು?"

ಕಾಂಪೌಂಡರ್ ಕನ್ನಡಕ ಜಾರಿ ಬೀಳುವಷ್ಟು ನಕ್ಕ. "ಆದ್ರೆ ಬೋರಲು ಹಾಕು ಅಂತಿದ್ದೆ ಕಣಪ್ಪಾ, ಕೊಡೆ ಥರ! ನೀನು ಇಲಿಗೆ ತೊಟ್ಟಿಲು ಕಟ್ಟಿದೀಯ!"

ಬಾಗಿಲಲ್ಲಿ ಹೆಂಡತಿ ನಿಂತು ನೋಡುತ್ತಿದ್ದಳು. ತಗಡಣ್ಣನ ಕಿವಿಯವರೆಗೂ ಉರಿ ಏರಿತು. ನುಂಗಿಕೊಂಡ.

"ಇನ್ನೇನಾದ್ರೂ ಇದ್ರೆ ಒಟ್ಟಿಗೇ ಹೇಳಿಬಿಡಿ."

"ಪೈಪು ಗೋಡೆಯಿಂದ ಎಂಟಡಿ ಆಚೆ ನೆಡು. ಅರಮನೆಗೆ ಒಂದೇ ಅಂತಸ್ತು ಸಾಕು. ಒಂದು ಲೋಟದ ಮೇಲೆ ಒಂದು ಕಾಳೂ ಬೇಡ. ಬಿದ್ದಿದ್ದನ್ನ ಆಗಲೇ ಗುಡಿಸು. ಕಾಳಿನ ಚೀಲ ಡಬ್ಬದಲ್ಲಿಟ್ಟು ಮುಚ್ಚು. ನಿನ್ನ ಮನೇಲಿ ಡಬ್ಬಕ್ಕೆ ಬರವಾ? ಮತ್ತೆ ಆ ಸುತ್ತಿಗೆ ಎಂಟರವರೆಗೆ ಮುಟ್ಟಬೇಡ... ಬೆಳಿಗ್ಗೆ ಏಳಕ್ಕೇ ಶುರು ಮಾಡ್ತೀಯಲ್ಲ, ಆ ಸದ್ದಿಗೆ ಗುಬ್ಬಿ ಇರಲಿ, ನಾನೂ ಬರಲ್ಲ."

ಹೇಳಿದ್ದನ್ನೆಲ್ಲ ತಗಡಣ್ಣ ಮಾಡಿದ. ಅರಮನೆಯ ಮೇಲಿನ ಎರಡು ಅಂತಸ್ತು ಕತ್ತರಿಸುವಾಗ ಮಾತ್ರ ಮುಖ ಆಚೆ ತಿರುಗಿಸಿಕೊಂಡಿದ್ದ. ಬೋರಲು ಲಾಳಿಕೆಯ ಕೆಳಗೆ ಇಲಿಗಳು ಮೂರು ದಿನ ಜಾರಿ ಜಾರಿ ಬಿದ್ದವು, ನಾಲ್ಕನೆಯ ದಿನ ಸಭೆ ಸೇರಿ ನನ್ನ ಮನೆಯ ಅಟ್ಟಕ್ಕೆ ಬಂದವು. ಅದು ಬೇರೆ ಮಾತು. ಹನ್ನೊಂದನೆಯ ದಿನ ಹೆಂಡತಿ ಮನೆಗೆ ಬಂದಳು.

ಮರುದಿನ ಏಳಕ್ಕೆ ಅವಳು ತನ್ನ ಮನೆಯ ಕಿಟಕಿಯಲ್ಲೇ ಕೂತಳು. ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಗಡಣ್ಣ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತ. ಒಂದು ಗುಬ್ಬಿ ಬಂತು. ಆಮೇಲೆ ಐದು. ಅವಳ ಮುಖ ಅರಳಿತು. ಅದನ್ನು ಈ ಮನೆಯಲ್ಲಿ ಕಂಡದ್ದು ಇದೇ ಮೊದಲು ಎಂದುಕೊಂಡ ತಗಡಣ್ಣನ ಎದೆ ಉಬ್ಬಿತು.

ಐದು ನಿಮಿಷವಾಯಿತು, ಹತ್ತಾಯಿತು. ಅವಳು ಇತ್ತ ತಿರುಗಲೇ ಇಲ್ಲ.

"ಆ ಕಪ್ಪು ಗಂಟಲಿನ ಗಂಡು ಗುಬ್ಬಿ ನೋಡಿ," ಎಂದು ಪಿಸುಗುಟ್ಟಿದಳು. "ಎಷ್ಟು ಚೆಂದ ಇದಾನೆ!"

ತಗಡಣ್ಣ ಹೊಟ್ಟೆಯನ್ನು ಒಳಗೆಳೆದುಕೊಂಡ. "ನನಗಿಂತಾನಾ?"

"ಶ್! ಮಾತಾಡಬೇಡಿ, ಹಾರಿಹೋಗ್ತಾನೆ."

ತಗಡಣ್ಣ ಗುಬ್ಬಿಯನ್ನು ನೋಡಿದ. ಸುತ್ತಿಗೆಯನ್ನು ನೋಡಿದ. ಎಂಟು ಗಂಟೆಗೆ ಇನ್ನೂ ನಲವತ್ತು ನಿಮಿಷವಿತ್ತು.