ಅಕಸ್ಮಾತ್ ಮಾವನ ನಾಲ್ಕು ಚೌಕ

ನನ್ನ ಸೋದರಮಾವನನ್ನು ಊರವರೆಲ್ಲ ಅಕಸ್ಮಾತ್ ಮಾವ ಎನ್ನುತ್ತಾರೆ. ಬಾಯಿ ತೆರೆದರೆ ಮೊದಲು ಉದುರುವುದೇ ಆ ಮಾತು. ಸುಡುಬಿಸಿಲಲ್ಲೂ ಕೊಡೆ ಹಿಡಿದು ಹೊರಡುತ್ತಾನೆ, ಅಕಸ್ಮಾತ್ ಮಳೆ ಬಂದರೆ ಎಂದು. ಕಂಕುಳಲ್ಲಿ ಇನ್ನೊಂದು ಕೊಡೆ, ಅಕಸ್ಮಾತ್ ಮೊದಲನೆಯದು ಮುರಿದರೆ ಎಂದು.

ಇಂಥವನಿಗೆ ಮನೆಯ ಹಿಂದಿನ ತುಂಡು ಹೊಲದಲ್ಲಿ ಮರ ಬೆಳೆಸುವ ಆಸೆ. ತೇಗ, ಮಹಾಗನಿ, ಸೀಬೆ, ನಿಂಬೆ ಎಲ್ಲದರ ಸಸಿಯೂ ಚೀಲದಲ್ಲಿ ಬಂದು ಅಂಗಳದಲ್ಲಿ ಕೂತವು. ನೆಡಬೇಕಲ್ಲ! ತೇಗದ ಬೆಲೆ ಬಿದ್ದರೆ? ಹೊಲದ ಮೇಲೆ ರಸ್ತೆ ಬಂದರೆ? ಮಾವ ಯೋಚಿಸುತ್ತಲೇ ಇದ್ದ, ಅತ್ತೆ ನೀರು ಹೊರುತ್ತಲೇ ಇದ್ದಳು. ಚೀಲದ ತಳ ಹರಿದು ಬೇರು ಹೊರಗೆ ಇಣುಕಿತು. ಈ ಮಳೆಗಾಲದಲ್ಲೂ ನೆಡದಿದ್ದರೆ ಬೇರು ಸುರುಳಿ ಸುತ್ತಿಕೊಂಡು ಅಷ್ಟೂ ಸಸಿ ಹಾಳಾಗುತ್ತಿದ್ದವು. ಅತ್ತೆಗೆ ಸೊಂಟನೋವಷ್ಟೇ ಲಾಭ.

ಅಷ್ಟರಲ್ಲಿ ಮರ ಬೆಳೆಗಾರರ ಸಂಘದ ಸಭೆ ಬಂತು. ತರಬೇತಿ ಕೊಡಲು ಬಂದ ಹುಡುಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಚೌಕ ಬರೆದಳು. ಒಂದರಲ್ಲಿ ಮಳೆ ಕೈಕೊಡುತ್ತದೆ, ಒಂದರಲ್ಲಿ ಬೆಲೆ ಬೀಳುತ್ತದೆ, ಇನ್ನೊಂದರಲ್ಲಿ ಕೂಲಿಯವರು ಸಿಗುವುದಿಲ್ಲ, ಕೊನೆಯದರಲ್ಲಿ ಎಲ್ಲ ಸುಸೂತ್ರ. ಒಂದೊಂದರಲ್ಲೂ ನಿಂತು, ಇಪ್ಪತ್ತು ವರ್ಷದ ಮೇಲೆ ಬದುಕು ಹೇಗಿರುತ್ತದೆ ಎಂದು ಹೇಳಬೇಕು.

ಮಾವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಚೌಕದಿಂದ ಚೌಕಕ್ಕೆ ಜಿಗಿದ.

"ಮಳೆ ಇಲ್ವಾ? ಬಾವಿಯಿಂದ ನಾನೇ ನೀರು ಹೊರ್ತೀನಿ. ಕೂಲಿಯವರಿಲ್ವಾ? ನಾನೇ ಮರ ಹತ್ತಿ ಕೊಂಬೆ ಕಡೀತೀನಿ!"

ಮನೆಯಲ್ಲಿ ಒಂದು ದಿನ ಬಿಂದಿಗೆ ಮುಟ್ಟಿದವನಲ್ಲ! ಎಲ್ಲ ಸುಸೂತ್ರವಾಗಿರುವ ಚೌಕದೊಳಗೆ ಮಾತ್ರ ಅನುಮಾನಿಸುತ್ತ ಕಾಲಿಟ್ಟ.

ಹಿಂದಿನ ಸಾಲಿನಿಂದ ಅತ್ತೆ ಕೇಳಿದಳು, "ರೀ, ಅಷ್ಟೊತ್ತಿಗೆ ನಿಮಗೆಷ್ಟು ವಯಸ್ಸು?"

ಮರಗಳಿಗೆಲ್ಲ ಇಪ್ಪತ್ತು ವರ್ಷ ತುಂಬಿಸಿದ್ದ ಮಹರಾಯ ತನಗೆ ಒಂದು ದಿನವನ್ನೂ ಸೇರಿಸಿಕೊಂಡಿರಲಿಲ್ಲ. ಅರವತ್ತೈದಕ್ಕೆ ಇಪ್ಪತ್ತು ಕೂಡಿಸಿ ಬಾಯಿಬಿಟ್ಟುಕೊಂಡು ನಿಂತ. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಆಮೇಲೆ ಅವನ ಮುಖ ನೋಡಿ ಪಾಪ ಎನಿಸಿತು.

ಮರುದಿನ ಬೆಳಿಗ್ಗೆಯೇ ಮಾವ ಗುದ್ದಲಿ ಹಿಡಿದ. ತೇಗ, ಮಹಾಗನಿ ದೂರದ ಬದುವಿಗೆ ಹೋದವು, ಮುಂದೆ ಯಾರಾದರೂ ಬಂದು ಕಡಿದುಕೊಂಡು ಹೋಗಲಿ ಎಂದು. ಸೀಬೆ, ನಿಂಬೆಯನ್ನು ಅಡುಗೆಮನೆ ಬಾಗಿಲ ಪಕ್ಕದಲ್ಲೇ ನೆಟ್ಟ.

"ಇಷ್ಟು ಹತ್ರ ಯಾಕ್ರೀ?" ಎಂದಳು ಅತ್ತೆ.

"ಅಕಸ್ಮಾತ್ ನಾನಿಲ್ದೆ ಹೋದ್ರೆ, ನಿನ್ನ ಕೈಗೆ ಎಟುಕಬೇಕಲ್ವಾ."

ಅತ್ತೆ ಬಿಂದಿಗೆ ಕೆಳಗಿಟ್ಟಳು. "ಅಕಸ್ಮಾತ್ ನಾನೇ ಇಲ್ದೆ ಹೋದ್ರೆ?"

ಮಾವ ಗುದ್ದಲಿ ಬದಿಗಿಟ್ಟ.

"ಆ ಚೌಕಕ್ಕೆ ನಾನು ಕಾಲಿಡಲ್ಲ ಕಣೇ," ಎಂದವನೇ ಬಿಂದಿಗೆ ಎತ್ತಿಕೊಂಡು ಬಾವಿಗೆ ಹೊರಟ.